ಹಿರಿಯರ ಊಟದ ಮನೆ ಮತ್ತೆ ತೆಗೀಬೇಕು ಅಂದ್ರೆ ಮೊದಲು ಕಿಟಕಿ ನೋಡಿ

ಪ್ರಶ್ನೆ (ಮೈಸೂರಿನ ನಿವೃತ್ತ ಟೀಚರ್ ಒಬ್ಬರಿಂದ, ಜುಲೈ 2021): ನಮ್ಮ ಬಡಾವಣೇಲಿ ಎಂಟು ವರ್ಷದಿಂದ ಒಂಟಿಯಾಗಿರೋ ಹಿರಿಯರಿಗೆ ಮಧ್ಯಾಹ್ನದ ಊಟ ಹಾಕ್ತಿದ್ವಿ. ಸೋಮವಾರದಿಂದ ಶನಿವಾರ, ಒಬ್ಬರಿಗೆ 20 ರೂಪಾಯಿ, ಕೊಡಕ್ಕಾಗದೇ ಇರೋರಿಗೆ ಹಾಗೇ. ಸುಮಾರು 45 ಜನ ಬರೋರು. ಹೋದ ವರ್ಷ ಮಾರ್ಚಲ್ಲಿ ಮುಚ್ಚಿದ್ದು ಇನ್ನೂ ತೆಗೆದಿಲ್ಲ. ಈಗ ಹೋಟೆಲ್‌ಗಳೆಲ್ಲ ತೆಗೆದಿದಾರೆ, ನಮ್ಮೋರು ದಿನಾ ಫೋನ್ ಮಾಡಿ ಯಾವಾಗ ಅಂತ ಕೇಳ್ತಾರೆ. ತುಂಬ ಜನಕ್ಕೆ ಲಸಿಕೆ ಆಗಿದೆ, ಕೆಲವರಿಗೆ ಒಂದೇ ಡೋಸ್. ಸ್ಯಾನಿಟೈಸರ್, ಟೆಂಪರೇಚರ್ ಗನ್, ಹಾಲ್‌ಗೆ ಔಷಧಿ ಹೊಡೆಯೋ ಮೆಷಿನ್ ಕೊಡಿಸ್ತೀವಿ ಅಂತ ದಾನಿಗಳು ಮುಂದೆ ಬಂದಿದಾರೆ. ತೆಗೀಬಹುದಾ? ತೆಗೆದ್ರೆ ಹೇಗೆ?

ಉತ್ತರ:

ಮೇಡಂ, ತೆಗೀಬಹುದು. ಆದ್ರೆ ಔಷಧಿ ಹೊಡೆಯೋ ಮೆಷಿನ್ ಬೇಡ ಅಂತ ದಾನಿಗಳಿಗೆ ಇವತ್ತೇ ಹೇಳ್ಬಿಡಿ. ಆ ದುಡ್ಡಲ್ಲಿ ನಾಲ್ಕು ದೊಡ್ಡ ಸ್ಟ್ಯಾಂಡ್ ಫ್ಯಾನು, ಅಡುಗೆಯೋರಿಗೂ ಬಡಿಸೋರಿಗೂ ಎನ್95 ಮಾಸ್ಕು ತಗೊಳ್ಳಿ, ಮಿಕ್ಕಿದ್ದನ್ನ ಅವರು ಹುಷಾರಿಲ್ಲದ ದಿನ ಮನೇಲಿದ್ರೂ ಕೂಲಿ ಕೊಡೋಕೆ ಅಂತ ತೆಗೆದಿಡಿ. ಯಾಕೆ ಅಂತ ಕೆಳಗೆ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಕೂತು ಓದಿ.

ಮೊದಲು ಒಂದು ಮಾತು. ಮುಚ್ಚಿಟ್ರೆ ಸೇಫು, ತೆಗೆದ್ರೆ ಅಪಾಯ ಅಂತ ನಿಮ್ಮ ಕಮಿಟೀಲಿ ಯಾರಾದ್ರೂ ಹೇಳ್ತಿದ್ರೆ ಅದು ಅರ್ಧ ಮಾತ್ರ ನಿಜ. ಭಯ ಸುಳ್ಳಲ್ಲ, ದೇಶದಲ್ಲಿ ಕೋವಿಡ್‌ಗೆ ಮೊದಲು ತೀರಿಕೊಂಡಿದ್ದೇ ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು, 2020ರ ಮಾರ್ಚಲ್ಲಿ, ಅವತ್ತಿಂದ ಇವತ್ತಿನ ತನಕ ಈ ಕಾಯಿಲೆ ಹೆಚ್ಚಾಗಿ ಹೊತ್ತುಕೊಂಡು ಹೋಗಿದ್ದು ವಯಸ್ಸಾದವರನ್ನೇ. ಆದ್ರೆ ಮುಚ್ಚಿದ ಬಾಗಿಲ ಹಿಂದೆ ಏನಾಯ್ತು ಅಂತಾನೂ ನೋಡಬೇಕಲ್ವಾ. ನಮ್ಮ ಚಿಕ್ಕಮ್ಮ ಒಬ್ಬರೇ ಇರೋದು, 74 ವರ್ಷ. ಹೋದ ವರ್ಷದ ಕೊನೇಲಿ ನೋಡೋಕೆ ಹೋದಾಗ ಕಾಫಿ ಲೋಟ ಕೈಗೆ ಕೊಡೋವಾಗ ಬಳೆ ಮಣಿಕಟ್ಟಿಂದ ಜಾರಿ ಮೊಣಕೈ ಹತ್ರ ಹೋಯ್ತು. ಏನು ಊಟ ಮಾಡ್ತೀಯ ಚಿಕ್ಕಮ್ಮ ಅಂದ್ರೆ "ಒಬ್ಬಳಿಗೆ ಏನು ಒಲೆ ಹಚ್ಚೋದು, ಬನ್ನು ಕಾಫಿ ಸಾಕು" ಅಂದ್ರು. ತೂಕ ನೋಡಿದ್ರೆ ಆರು ತಿಂಗಳಲ್ಲಿ ನಾಲ್ಕು ಕೆಜಿ ಇಳಿದಿತ್ತು. 60 ಕೆಜಿ ಇರೋರು ಆರು ತಿಂಗಳಲ್ಲಿ ಏನೂ ಪ್ರಯತ್ನ ಮಾಡದೇ 3 ಕೆಜಿ ಇಳಿದ್ರೂ, ಅಂದ್ರೆ ನೂರಕ್ಕೆ ಐದು, ನಾವು ಡಾಕ್ಟ್ರುಗಳು ಎಚ್ಚರ ಆಗ್ತೀವಿ, ಯಾಕಂದ್ರೆ ಈ ವಯಸ್ಸಲ್ಲಿ ಕೊಬ್ಬಿನ ಜೊತೆ ಮಾಂಸಖಂಡಾನೂ ಹೋಗತ್ತೆ, ಅದು ಹೋದ್ರೆ ಮೆಟ್ಟಿಲಲ್ಲಿ ಬೀಳ್ತಾರೆ, ಸೊಂಟದ ಮೂಳೆ ಮುರಿಯತ್ತೆ, ಆಮೇಲೆ ಹಾಸಿಗೆ. ನಿಮ್ಮ ಊಟದ ಮನೆ ತೆಗೆದ ಮೊದಲ ದಿನ ಬಾಗಿಲಲ್ಲಿ ಟೆಂಪರೇಚರ್ ಗನ್ ಬದಲು ಒಂದು ತೂಕದ ಮೆಷಿನ್ ಇಡಿ ಅಂತ ನಾನು ಹೇಳೋದು ಇದಕ್ಕೇ.

ಇನ್ನು ಗಾಳಿ ವಿಷಯ, ಇದೇ ಮುಖ್ಯ, ಬೇರೆ ಏನು ಮರೆತ್ರೂ ಇದು ಮರೀಬೇಡಿ.

ಊಟದಿಂದ ಕೋವಿಡ್ ಬರಲ್ಲ. ತಟ್ಟೆ, ಲೋಟ, ಟೇಬಲ್ ಮುಟ್ಟಿ ಬರೋದು ಕೂಡ ತುಂಬಾನೇ ಅಪರೂಪ, ಅಮೆರಿಕದ ಸಿಡಿಸಿ (ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ಈ ವರ್ಷ ಏಪ್ರಿಲಲ್ಲಿ ಹೇಳಿದ ಪ್ರಕಾರ ವೈರಸ್ ಇರೋ ಜಾಗ ಒಂದ್ಸಲ ಮುಟ್ಟಿದ್ರೆ ಸೋಂಕು ಬರೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ. ಸೋಪು ಹಾಕಿ ಕೈ ತೊಳೆಯೋದು, ಟೇಬಲ್ ಒರೆಸೋದು ಇದ್ದೇ ಇರಬೇಕು, ಅದು ಭೇದಿಗೂ ಒಳ್ಳೇದು, ಆದ್ರೆ ಅದರಲ್ಲೇ ಎಲ್ಲ ಶಕ್ತಿ ಕಳೀಬೇಡಿ, ಔಷಧಿ ಹೊಡೆಯೋ ಮೆಷಿನ್ ಬೇಡ ಅಂದಿದ್ದು ಇದಕ್ಕೇ. ಕಾಯಿಲೆ ಹರಡೋದು ಒಬ್ಬರು ಬಿಟ್ಟ ಉಸಿರನ್ನ ಇನ್ನೊಬ್ಬರು ಎಳ್ಕೊಳ್ಳೋದ್ರಿಂದ. ಊಟ ಅನ್ನೋದು ಮಾಸ್ಕ್ ತೆಗೆದೇ ಮಾಡಬೇಕಾದ ಕೆಲಸ, ಅದಕ್ಕೇ ಕಷ್ಟ.

2020ರ ಜನವರಿ 24ಕ್ಕೆ ಚೀನಾದ ಗುವಾಂಗ್‌ಝೌ ಊರಿನ ಒಂದು ಹೋಟೆಲಲ್ಲಿ ಅಕ್ಕಪಕ್ಕದ ಮೂರು ಟೇಬಲಲ್ಲಿ ಮೂರು ಮನೆಯೋರು ಮಧ್ಯಾಹ್ನದ ಊಟಕ್ಕೆ ಕೂತಿದ್ರು. ಒಬ್ಬರಿಗೆ ಸೋಂಕಿತ್ತು. ಆಮೇಲೆ ಅವರೂ ಸೇರಿ ಆ ಮೂರು ಟೇಬಲಿನ 10 ಜನಕ್ಕೆ ಬಂತು. ಒಂದು ಮನೆಯೋರು ಇನ್ನೊಂದು ಮನೆಯೋರನ್ನ ಮುಟ್ಟಿಲ್ಲ, ಪರಿಚಯಾನೂ ಇಲ್ಲ. ಆ ಜಾಗಕ್ಕೆ ಕಿಟಕಿ ಇರಲಿಲ್ಲ, ಒಂದು ಏಸಿ ಅದೇ ಗಾಳೀನ ಮೂರು ಟೇಬಲ್ ನಡುವೆ ಸುತ್ತು ಹಾಕಿಸ್ತಿತ್ತು. ಅದೇ ಮಹಡೀಲಿ ಬೇರೆ ಕಡೆ ಕೂತಿದ್ದ 60ಕ್ಕೂ ಹೆಚ್ಚು ಜನಕ್ಕೆ, ಓಡಾಡ್ತಿದ್ದ ಸಪ್ಲೈಯರ್‌ಗಳಿಗೆ ಬರಲೇ ಇಲ್ಲ. ಅಂದ್ರೆ ಅಲ್ಲಿ ಮೀಟರ್ ಲೆಕ್ಕದ ದೂರಕ್ಕಿಂತ ಗಾಳಿ ಎಲ್ಲಿಂದ ಎಲ್ಲಿಗೆ ಹೋಗ್ತಿತ್ತು ಅನ್ನೋದು ದೊಡ್ಡದಾಯ್ತು.

ಅದಕ್ಕೆ ನೀವು ಮಾಡಬೇಕಾದ ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಊಟದ ಹೊತ್ತಲ್ಲಿ, ಅಂದ್ರೆ 12 ಗಂಟೆ ಸುಮಾರಿಗೆ, ಹಾಲ್‌ಗೆ ಹೋಗಿ ಒಂದು ಊದುಬತ್ತಿ ಹಚ್ಕೊಳ್ಳಿ. ಕಿಟಕಿ ಬಾಗಿಲೆಲ್ಲ ತೆಗೆದು, ಜನ ಕೂರೋ ಒಂದೊಂದು ಜಾಗದಲ್ಲೂ ಮೂಗಿನ ಎತ್ತರಕ್ಕೆ ಹಿಡಿದು ಎರಡು ನಿಮಿಷ ಸುಮ್ನೆ ನಿಂತು ಹೊಗೆ ನೋಡಿ. ಹೊಗೆ ಒಂದು ದಿಕ್ಕಿಗೆ ಸರಿದು ಕಿಟಕಿ ಆಚೆ ಹೋದ್ರೆ ಆ ಜಾಗ ಒಳ್ಳೇದು. ಅಲ್ಲೇ ಸುತ್ತಿ ಸುತ್ತಿ ತಲೆ ಮೇಲೆ ನಿಂತ್ರೆ ಆ ಜಾಗದಲ್ಲಿ ಯಾರನ್ನೂ ಕೂರಿಸಬೇಡಿ. ಸ್ಟ್ಯಾಂಡ್ ಫ್ಯಾನನ್ನ ಜನರ ಕಡೆ ತಿರುಗಿಸಿ ಇಡೋದು ನಮ್ಮ ರೂಢಿ, ಅದನ್ನ ಬಿಡಿ, ಫ್ಯಾನಿನ ಮುಖ ಕಿಟಕಿ ಆಚೆಗೆ ಇರಲಿ, ಒಳಗಿನ ಗಾಳೀನ ಹೊರಗೆ ದೂಡ್ಲಿ, ಎದುರು ಕಡೆ ಕಿಟಕಿಯಿಂದ ಹೊಸ ಗಾಳಿ ತಾನಾಗೇ ಬರತ್ತೆ. ಮತ್ತೆ ಊದುಬತ್ತಿ ಹಿಡಿದು ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣತ್ತೆ. ಸೊಳ್ಳೆ ಮೆಶ್ ಇದ್ರೆ ಅದರ ಧೂಳು ತೊಳೀರಿ, ವರ್ಷಗಟ್ಟಲೆ ಧೂಳು ಕೂತ ಮೆಶ್ ಗೋಡೆ ಇದ್ದಂಗೆ. ಕಾರ್ಬನ್ ಡೈಆಕ್ಸೈಡ್ ಮೀಟರ್ ಅಂತ ಸಿಗತ್ತೆ, ಯಾರಾದ್ರೂ ಕೊಡಿಸಿದ್ರೆ ಒಳ್ಳೇದೇ, ಹೊರಗಿನ ಗಾಳೀಲಿ 400ರ ಮೇಲೆ ಸ್ವಲ್ಪ ತೋರಿಸತ್ತೆ, ಜನ ಕೂತಾಗ ಹಾಲಲ್ಲಿ 800 ಒಳಗಿದ್ರೆ ಪರವಾಗಿಲ್ಲ, ಅದರ ಮೇಲೆ ಏರ್ತಾ ಹೋದ್ರೆ ಜನ ಜಾಸ್ತಿ ಆದ್ರು ಅಂತ ಅರ್ಥ. ಅದಿಲ್ಲದಿದ್ರೂ ಊದುಬತ್ತಿ ಸಾಕು.

ಮತ್ತೆ ಒಂದು, ನಮ್ಮ ಕಡೆ ಎಷ್ಟೋ ಛತ್ರಗಳಲ್ಲಿ ಊಟದ ಹಾಲ್ ಇರೋದು ನೆಲಮಾಳಿಗೇಲಿ. ನಿಮ್ಮದೂ ಹಾಗೇ ಇದ್ರೆ ಅಲ್ಲಿ ಸದ್ಯಕ್ಕೆ ಬೇಡ, ಏನು ಮಾಡಿದ್ರೂ ಬೇಡ. ಮುಂದಿನ ಪಡಸಾಲೆ, ಪಾರ್ಕಿಂಗ್ ಶೆಡ್ಡು, ತಾರಸಿ ಮೇಲಿನ ಶೀಟಿನ ಕೆಳಗೆ (ಲಿಫ್ಟ್ ಇದ್ರೆ ಮಾತ್ರ), ಎಲ್ಲಾದ್ರೂ ಮೂರು ಕಡೆ ತೆರೆದಿರೋ ಜಾಗ ಹುಡುಕಿ. ಆಷಾಢದ ಗಾಳಿ, ಜಿಟಿಜಿಟಿ ಮಳೆ ಈಗ, ಶಾಮಿಯಾನ ಹಾಕಿಸಿದ್ರೆ ಮೇಲೆ ಮಾತ್ರ ಇರಲಿ, ಪಕ್ಕದ ಬಟ್ಟೆ ಕಟ್ಟಿಸಬೇಡಿ. ಎರಚಲು ಬರ್ತಿದೆ ಅಂತ ಪಕ್ಕಾನೂ ಮುಚ್ಚಿದ ಕೂಡ್ಲೇ ಅದು ಹಾಲ್‌ಗಿಂತ ಕೆಟ್ಟದಾಗತ್ತೆ. ಜೋರು ಮಳೆ ದಿನ ಪೊಟ್ಟಣ ಕಟ್ಟಿ ಕಳಿಸ್ತೀವಿ ಅಂತ ಮೊದಲೇ ಹೇಳಿಟ್ಟಿರಿ.

ಈಗ ಪಂಕ್ತಿ. ನಮ್ಮ ಪಂಕ್ತಿ ಪದ್ಧತೀಲಿ ಒಂದು ಬಹಳ ಒಳ್ಳೇದಿದೆ, ಎರಡು ಕೆಟ್ಟದಿದೆ. ಒಳ್ಳೇದು ಏನಂದ್ರೆ ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂರ್ತಾರೆ, ಹೋಟೆಲ್ ತರ ಎದುರುಬದುರು ಅಲ್ಲ. ಇದನ್ನ ಉಳಿಸ್ಕೊಳ್ಳಿ. ಉದ್ದದ ಟೇಬಲಿಗೆ ಒಂದೇ ಬದಿ ಕುರ್ಚಿ, ಆರಾರು ಅಡಿ ಬಿಟ್ಟು, ಎಲ್ಲರ ಮುಖಾನೂ ಗಾಳಿ ಹೊರಗೆ ಹೋಗೋ ಕಡೆಗೆ. ನೆಲದ ಮೇಲೆ ಕೂರಿಸಬೇಡಿ, ಹದಿನಾರು ತಿಂಗಳು ಮನೇಲೇ ಕೂತು ಎಷ್ಟೋ ಜನಕ್ಕೆ ಕಾಲಲ್ಲಿ ಶಕ್ತಿ ಇಲ್ಲ, ಏಳೋವಾಗ ಪಕ್ಕದೋರ ಹೆಗಲು ಹಿಡೀತಾರೆ.

ಕೆಟ್ಟದು ಒಂದು, ಬಡಿಸೋದು. ಸೌಟು ಹಿಡಿದು ಎಲೆ ಮೇಲೆ ಬಗ್ಗಿ "ಇನ್ನೊಂಚೂರು ಹಾಕ್ಲಾ ಅಜ್ಜಿ, ಸಾರು ಬೇಡ್ವಾ" ಅಂತ ಉಪಚಾರ ಮಾಡೋವಾಗ ಬಡಿಸೋರ ಬಾಯಿ ಕೂತೋರ ಮುಖದಿಂದ ಒಂದಡಿ ದೂರದಲ್ಲಿರತ್ತೆ, ಅಜ್ಜಿಗೆ ಕಿವಿ ಮಂದ ಅಂದ್ರೆ ಇನ್ನೂ ಹತ್ರ, ಇನ್ನೂ ಜೋರಾಗಿ. ಒಬ್ಬರೇ ಹೀಗೆ 45 ಜನರ ಮುಂದೆ ನಾಲ್ಕು ಸಲ ಬಗ್ಗಿದ್ರೆ ಲೆಕ್ಕ ಹಾಕ್ಕೊಳ್ಳಿ. ಉಪಚಾರ ನಿಲ್ಲಿಸಿ ಅಂತ ನಾನು ಹೇಳಲ್ಲ, ಅರ್ಧ ಜನ ಬರೋದೇ ಅದಕ್ಕೆ, ಮನೇಲಿ ಇನ್ನೊಂಚೂರು ಹಾಕ್ಲಾ ಅನ್ನೋಕೆ ಯಾರಿದಾರೆ ಅವರಿಗೆ. ಹೀಗೆ ಮಾಡಿ: ಜನ ಬರೋ ಮುಂಚೆ ತಟ್ಟೆ ಪೂರ್ತಿ ಬಡಿಸಿ ಮುಚ್ಚಿಡಿ, ಎರಡನೇ ಸಲಕ್ಕೆ ಅನ್ನ ಸಾರು ಚಿಕ್ಕ ಬಟ್ಟಲಲ್ಲಿ ಪಕ್ಕದಲ್ಲೇ ಇರಲಿ, ಬಡಿಸೋರು ಎನ್95 ಹಾಕ್ಕೊಂಡು ಕೂತೋರ ಹಿಂದಿನಿಂದ ಅಲ್ಲ, ಎದುರಿಗೆ ಆರಡಿ ದೂರ ನಿಂತು ಕೈಸನ್ನೆ ಮಾಡಿ ಕೇಳಲಿ. ಇವತ್ತಿನ ಅಡುಗೆ ಏನು ಅಂತ ಬೋರ್ಡ್ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿ, ಅರ್ಧ ಕೂಗಾಟ ಅಲ್ಲೇ ತಪ್ಪತ್ತೆ.

ಇನ್ನೊಂದು ಕೆಟ್ಟದ್ದನ್ನ ಯಾರೂ ಯೋಚನೆ ಮಾಡಲ್ಲ, ಅದು ಕೈ ತೊಳೆಯೋ ಜಾಗ. ಪಂಕ್ತೀಲಿ ಎಲ್ಲರೂ ಒಟ್ಟಿಗೆ ಏಳಬೇಕು ಅನ್ನೋ ಸಂಪ್ರದಾಯ, ಎದ್ದು ಎಲ್ಲರೂ ಒಂದು ಚಿಕ್ಕ ಮೂಲೇಲಿರೋ ಮೂರು ನಲ್ಲಿ ಹತ್ರ ಮಾಸ್ಕ್ ಇಲ್ಲದೇ ಒಟ್ಟಿಗೆ ಸೇರಿ, ಬಾಯಿ ಮುಕ್ಕಳಿಸಿ, ಗಂಟಲು ಕ್ಯಾಕರಿಸಿ ಉಗೀತಾರೆ. ಇಡೀ ಊಟದಲ್ಲಿ ಅತಿ ಅಪಾಯದ ಐದು ನಿಮಿಷ ಅದು, ಹಾಲಲ್ಲಿ ಎಷ್ಟೇ ದೂರ ಕೂರಿಸಿದ್ರೂ ಅಲ್ಲಿ ಎಲ್ಲ ನೀರುಪಾಲು. ಬೇಸಿನ್ ಬೀಗ ಹಾಕಿ, ಆಚೆ ಬಯಲಲ್ಲಿ ನಲ್ಲಿ ಇರೋ ಡ್ರಮ್‌ಗಳನ್ನ ಹತ್ತಡಿಗೆ ಒಂದರಂತೆ ಇಡಿ, ಊಟ ಮುಗಿದೋರು ಮುಗಿದ ಹಾಗೆ ಒಬ್ಬೊಬ್ಬರೇ ಏಳಲಿ, ಬಾಯಿ ಮುಕ್ಕಳಿಸೋದು ಮನೇಲಿ. ಮೊದಲೇ ಎದ್ರೆ ಪಕ್ಕದೋರಿಗೆ ಅವಮಾನ ಅಂತ ಹಿರಿಯರು ಒಪ್ಪಲ್ಲ, ಅದನ್ನ ನಿಮ್ಮಂಥ ಟೀಚರ್ರೇ ಕೂತು ತಿಳಿಸಿ ಹೇಳಬೇಕು.

ಊಟ ಆದ್ಮೇಲೆ ಭಜನೆ, ದೇವರನಾಮ ಇರತ್ತಾ ನಿಮ್ಮಲ್ಲಿ? ಇದ್ರೆ ಒಳಗೆ ಬೇಡವೇ ಬೇಡ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್ 10ಕ್ಕೆ ಒಂದು ಗಾಯನ ತಂಡದ 61 ಜನ ಎರಡೂವರೆ ಗಂಟೆ ಒಳಗೆ ಕೂತು ಅಭ್ಯಾಸ ಮಾಡಿದ್ರು, 53 ಜನ ಕಾಯಿಲೆ ಬಿದ್ರು, ಇಬ್ಬರು ತೀರಿಕೊಂಡ್ರು. ಹಾಡೋವಾಗ ಉಸಿರು ಎಷ್ಟು ಆಳದಿಂದ ಬರತ್ತೆ ಅಂತ ಹಾಡೋರಿಗೇ ಗೊತ್ತು. ಬೇಕಂದ್ರೆ ವಾರಕ್ಕೊಂದು ದಿನ ಮರದ ಕೆಳಗೆ, ಮಾಸ್ಕ್ ಹಾಕ್ಕೊಂಡು, ದೂರ ಕೂತು.

ಈಗ ಅಡುಗೆಯೋರು ಮತ್ತು ಬಡಿಸೋರ ಮಾತು. ಇದನ್ನ ನನಗೆ ಕಲಿಸಿದ್ದು ಒಂದು ತಪ್ಪು. ಈ ವರ್ಷ ಜನವರೀಲಿ ಇಂಥದೇ ಒಂದು ಚಿಕ್ಕ ಊಟದ ಮನೆ ತೆಗೆಯೋಕೆ ನಾನು ಸಲಹೆ ಕೊಟ್ಟಿದ್ದೆ. ಬಂದೋರಿಗೆಲ್ಲ ಜ್ವರ ನೋಡಿದ್ವಿ, ಕೈಗೆ ಸ್ಯಾನಿಟೈಸರ್, ನೆಲದ ಮೇಲೆ ಬಿಳಿ ಸುಣ್ಣದ ರಂಗೋಲಿ ತರ ಗುರುತು, ಎಲ್ಲ ಚೆನ್ನಾಗಿ ಕಾಣ್ತಿತ್ತು. ಮೂರನೇ ವಾರ ಬಡಿಸೋ ಹೆಣ್ಣುಮಗಳಿಗೆ ಗಂಟಲು ನೋವು. ಹೇಳಲಿಲ್ಲ. ಯಾಕೆ ಹೇಳಲಿಲ್ಲಮ್ಮ ಅಂತ ಆಮೇಲೆ ಕೇಳಿದ್ರೆ, "ಸಾರ್, ಹೇಳಿದ್ರೆ ಹದಿನಾಲ್ಕು ದಿನ ಕೂಲಿ ಹೋಗತ್ತೆ, ಮನೆ ಬಾಡಿಗೆ ಯಾರು ಕಟ್ತಾರೆ" ಅಂದ್ಳು. ಅವಳ ತಪ್ಪೇನೂ ಇಲ್ಲ ಅದರಲ್ಲಿ. ಬಂದೋರ ಜ್ವರಕ್ಕೆ ನಿಯಮ ಮಾಡಿದ ನಾವು ಬಡಿಸೋರ ಹೊಟ್ಟೆಗೆ ನಿಯಮ ಮಾಡಿರಲಿಲ್ಲ. ಆರು ಹಿರಿಯರಿಗೆ ಬಂತು, ಒಬ್ಬರು ಹತ್ತು ದಿನ ಆಕ್ಸಿಜನ್ ಮೇಲೆ ಇದ್ರು, ಎಲ್ಲರೂ ಉಳ್ಕೊಂಡ್ರು ಅನ್ನೋದೊಂದೇ ಸಮಾಧಾನ. ಅದಕ್ಕೇ ಮೊದಲೇ ಹೇಳಿದ್ದು, ದಾನಿಗಳ ದುಡ್ಡಲ್ಲಿ ಕೂಲಿಗೆ ತೆಗೆದಿಡಿ ಅಂತ. ಸ್ವಲ್ಪ ಶೀತ ಅಂದ್ರೂ ಮನೇಲಿರಿ, ದುಡ್ಡು ಬರತ್ತೆ ಅಂತ ಬಾಯಲ್ಲಿ ಹೇಳಿದ್ರೆ ನಂಬಲ್ಲ, ಮೊದಲನೇ ಸಲ ಯಾರಾದ್ರೂ ಮನೇಲಿದ್ದಾಗ ಎಲ್ಲರಿಗೂ ಗೊತ್ತಾಗೋ ಹಾಗೆ ಪೂರ್ತಿ ಕೊಟ್ಬಿಡಿ. ಅಡುಗೆಯೋರನ್ನ ಎರಡು ತಂಡ ಮಾಡಿ, ಒಂದು ತಂಡ ಒಂದು ವಾರ, ಇನ್ನೊಂದು ಇನ್ನೊಂದು ವಾರ, ಒಬ್ಬರಿಗೊಬ್ಬರು ಸಿಗೋದು ಬೇಡ, ಒಂದು ತಂಡದಲ್ಲಿ ಕಾಯಿಲೆ ಬಂದ್ರೂ ಒಲೆ ಆರಲ್ಲ. ಅವರಿಗೆ, ಅವರ ಮನೇಲಿ 18 ದಾಟಿದೋರಿಗೆಲ್ಲ ಲಸಿಕೆ ಮೊದಲು ಹಾಕಿಸಿ, ಸ್ಲಾಟ್ ಬುಕ್ ಮಾಡಿಕೊಡೋಕೆ ನಿಮ್ಮ ಬಡಾವಣೆ ಹುಡುಗರಿಗೆ ಹೇಳಿ.

ಹಿರಿಯರ ಲಸಿಕೆ. 60 ದಾಟಿದವರಿಗೆ ಮಾರ್ಚ್ 1ರಿಂದ ಕೊಡ್ತಿದಾರೆ, ಆದ್ರೆ ಮೇ 13ಕ್ಕೆ ಕೋವಿಶೀಲ್ಡ್ ಲಸಿಕೆಯ ಎರಡು ಡೋಸ್ ನಡುವಿನ ಅಂತರ 12ರಿಂದ 16 ವಾರಕ್ಕೆ ಏರಿಸಿದ್ರಿಂದ ಏಪ್ರಿಲಲ್ಲಿ ಮೊದಲ ಡೋಸ್ ತಗೊಂಡೋರೆಲ್ಲ ಈಗ ಎರಡನೇದಕ್ಕೆ ಬರ್ತಿದಾರೆ. ಏಪ್ರಿಲ್ 15ಕ್ಕೆ ತಗೊಂಡಿದ್ರೆ 84 ದಿನ ಆಗೋದು ಜುಲೈ 8ಕ್ಕೆ, ಅದಾಗಿ ಎರಡು ವಾರ ಅಂದ್ರೆ ಜುಲೈ 22. ಹೀಗೆ ಒಬ್ಬೊಬ್ಬರದೂ ತಾರೀಖು ಬರೆದು ಪಟ್ಟಿ ಮಾಡಿ, ಎರಡು ಡೋಸ್ ಆಗಿ 14 ದಿನ ದಾಟಿದೋರು ಮೊದಲು ಕೂತು ಊಟ ಮಾಡೋಕೆ ಬರಲಿ, ಉಳಿದೋರಿಗೆ ಅಲ್ಲಿ ತನಕ ಮನೆಗೇ ಊಟ. ಈಗಿರೋ ಡೆಲ್ಟಾ ಅನ್ನೋ ಕೋವಿಡ್ ತಳಿ ಮುಂದೆ ಒಂದೇ ಡೋಸ್ ಸಾಲಲ್ಲ. ಎರಡಾದೋರೂ ಮಾಸ್ಕ್ ಬಿಡೋ ಹಾಗಿಲ್ಲ, ಲಸಿಕೆಯಿಂದ ಆಸ್ಪತ್ರೆ ಸೇರೋದು, ಸಾವು ತುಂಬ ಕಡಿಮೆ ಆಗತ್ತೆ, ಹರಡೋದು ಪೂರ್ತಿ ನಿಲ್ಲಲ್ಲ. ಲಸಿಕೆ ಹಾಕಿಸದೇ ಇರೋರಿಗೆ ಬೈದು ಊಟ ನಿಲ್ಲಿಸಬೇಡಿ ಮಾತ್ರ. ಸೈಡ್ ಎಫೆಕ್ಟ್ ಭಯ ಇರತ್ತೆ, ಕರ್ಕೊಂಡು ಹೋಗೋರು ಇರಲ್ಲ. ಊಟದ ಪೊಟ್ಟಣ ಕೊಡೋಕೆ ಹೋದೋರೇ ಆಟೋ ಮಾಡಿ ಕರ್ಕೊಂಡು ಹೋದ್ರೆ ಅರ್ಧ ಜನ ಬರ್ತಾರೆ.

ಟೆಂಪರೇಚರ್ ಗನ್ ಬಗ್ಗೆ ಕೇಳಿದ್ರಿ. ವಯಸ್ಸಾದೋರಲ್ಲಿ ಎಷ್ಟೋ ಸಲ ಜ್ವರಾನೇ ಬರಲ್ಲ. ಅವರಲ್ಲಿ ಕೋವಿಡ್ ಶುರುವಾಗೋದು ಊಟ ಸೇರ್ತಿಲ್ಲ, ಸುಸ್ತು, ಇದ್ದಕ್ಕಿದ್ದ ಹಾಗೆ ಮಾತು ಗಲಿಬಿಲಿ, ನಿನ್ನೆ ಬಾತ್‌ರೂಮಲ್ಲಿ ಬಿದ್ದೆ ಅನ್ನೋದ್ರಿಂದ. ಹಾಗಾಗಿ ಹಣೆಗೆ ಗನ್ ಹಿಡಿಯೋ ಬದಲು ಬಾಗಿಲಲ್ಲಿ ಅವರನ್ನ ಚೆನ್ನಾಗಿ ಬಲ್ಲ ಒಬ್ಬರನ್ನ ನಿಲ್ಲಿಸಿ, "ರಾತ್ರಿ ಊಟ ಆಯ್ತಾ, ನಿದ್ದೆ ಬಂತಾ, ಕೆಮ್ಮೇನಾದ್ರೂ" ಅಂತ ಮೂರು ಮಾತು ಕೇಳಲಿ. ದಿನಾ ನೋಡೋರಿಗೆ ಇವತ್ತು ಇವರು ಸರಿ ಇಲ್ಲ ಅಂತ ತಕ್ಷಣ ಗೊತ್ತಾಗತ್ತೆ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸೋ ಒಂದು ಪಲ್ಸ್ ಆಕ್ಸಿಮೀಟರ್ ಇಟ್ಕೊಳ್ಳಿ, ಅನುಮಾನ ಬಂದ್ರೆ ಬೆರಳಿಗೆ ಹಾಕಿ, 94ಕ್ಕಿಂತ ಕಡಿಮೆ ಬಂದ್ರೆ ಊಟಕ್ಕಿಂತ ಮೊದಲು ಆಸ್ಪತ್ರೆ.

ಬ್ಯಾಚ್ ಮಾಡ್ತೀರಿ ಅನ್ನೋದು ಖಂಡಿತ, 45 ಜನ ಒಟ್ಟಿಗೆ ಆಗಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಬೆಳಿಗ್ಗೆ ಇನ್ಸುಲಿನ್ ಚುಚ್ಕೊಂಡೋರು, ಗ್ಲಿಮೆಪಿರೈಡ್ ತರದ ಶುಗರ್ ಮಾತ್ರೆ ನುಂಗಿದೋರು 12 ಗಂಟೆಗೆ ಊಟ ಮಾಡಿ ಅಭ್ಯಾಸ ಆಗಿದ್ದು, ನೀವು ಎರಡನೇ ಬ್ಯಾಚಿಗೆ ಹಾಕಿ ಒಂದೂವರೆ ಆಯ್ತು ಅಂದ್ರೆ ಸಕ್ಕರೆ ಇಳಿದು ಕ್ಯೂನಲ್ಲೇ ಬೀಳ್ತಾರೆ. ಬೆವರು, ಕೈ ನಡುಕ, ಮಾತು ತೊದಲೋದು ಕಂಡ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ, ಪ್ರಜ್ಞೆ ಇಲ್ಲದೇ ಇದ್ರೆ ಬಾಯಿಗೆ ಏನೂ ಹಾಕದೇ 108ಕ್ಕೆ ಫೋನ್ ಮಾಡಿ. ಬ್ಯಾಚ್ ಪಟ್ಟಿ ಮಾಡೋವಾಗ ಮನೆ ಹತ್ರ ದೂರ ಅಂತ ನೋಡಬೇಡಿ, ಶುಗರ್ ಇರೋರೆಲ್ಲ ಮೊದಲನೇ ಬ್ಯಾಚು. ಬ್ಯಾಚ್ ಜನ ದಿನಾ ಅದೇ ಇರಲಿ, ಕೂರೋ ಜಾಗಾನೂ ಅದೇ ಇರಲಿ, ಯಾರಿಗಾದ್ರೂ ಬಂದ್ರೆ ಹುಡುಕೋದು ಸುಲಭ. ಎರಡು ಬ್ಯಾಚ್ ನಡುವೆ ಅರ್ಧ ಗಂಟೆ ಹಾಲ್ ಖಾಲಿ ಬಿಡಿ, ಫ್ಯಾನ್ ಓಡ್ತಿರಲಿ.

ಇನ್ನು ಪೊಟ್ಟಣ. ಬರಕ್ಕಾಗದೇ ಇರೋರಿಗೆ, ಹೆದರೋರಿಗೆ ಪೊಟ್ಟಣ ಮುಂದುವರಿಸಲೇಬೇಕು, ಕೂರೋ ಊಟ ತೆಗೆದ್ವಿ ಅಂತ ಅದನ್ನ ನಿಲ್ಲಿಸಬೇಡಿ. ಅಮೆರಿಕದಲ್ಲಿ 60 ದಾಟಿದೋರಿಗೆ ಸರ್ಕಾರದ ದುಡ್ಡಲ್ಲಿ ಒಟ್ಟಿಗೆ ಕೂತು ಊಟ ಮಾಡೋ ಕಾರ್ಯಕ್ರಮ 1972ರ ಕಾನೂನಿಂದ ನಡೀತಿದೆ, ಅಲ್ಲೂ 2020ರ ಮಾರ್ಚಲ್ಲಿ ಹಾಲ್‌ಗಳು ಮುಚ್ಚಿ ಮನೆ ಬಾಗಿಲಿಗೆ, ಕಾರ್ ಕಿಟಕಿಗೆ ಊಟ ಕೊಡೋಕೆ ಶುರು ಮಾಡಿದ್ರು. ಆದ್ರೆ ಅಲ್ಲಿನ ಪೊಟ್ಟಣ ಫ್ರಿಜ್ ನಂಬಿ ನಡೆಯತ್ತೆ, ನಮ್ಮದು ಹಾಗಲ್ಲ. ನಮ್ಮ ಹಿರಿಯರು ಏನು ಮಾಡ್ತಾರೆ ಅಂದ್ರೆ ಪೊಟ್ಟಣದಲ್ಲಿ ಅರ್ಧ ಮಧ್ಯಾಹ್ನ ತಿಂದು ಅರ್ಧ ರಾತ್ರಿಗೆ ಎತ್ತಿಡ್ತಾರೆ. ಅನ್ನ ಹೊರಗೆ ಬೆಚ್ಚಗೆ ಇಟ್ರೆ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯತ್ತೆ, ಅದರ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ, ರಾತ್ರಿ ವಾಂತಿ ಶುರುವಾದ್ರೆ ಒಂಟಿ ಇರೋರ ಗತಿ ಏನು. ಎರಡು ಗಂಟೆ ಒಳಗೆ ತಿನ್ನಿ ಅಂತ ಚೀಟಿ ಅಂಟಿಸಿ, ಆದ್ರೆ ಚೀಟಿ ಒಂದರಿಂದ ಆಗಲ್ಲ, ರಾತ್ರಿಗೆ ಅವರ ಹತ್ರ ಬೇರೇನೂ ಇಲ್ಲ ಅಂತ ತಾನೇ ಎತ್ತಿಡೋದು. ರಾತ್ರಿಗೆ ಬೇರೆ ಒಣ ಪೊಟ್ಟಣ ಕೊಡಿ, ಎರಡು ಚಪಾತಿ, ಹುರಿಗಡಲೆ ಚಟ್ನಿಪುಡಿ, ಬಾಳೆಹಣ್ಣು. ಬಿಸಿ ಅಡುಗೆ ಕೊಡೋ ತನಕ 65 ಡಿಗ್ರಿ ಮೇಲೆ ಇರಬೇಕು, ಒಳ್ಳೆ ಹಾಟ್‌ಬಾಕ್ಸಲ್ಲಿ ಇಟ್ಟು ಕೊಡೋವಾಗ ಪೊಟ್ಟಣ ಕಟ್ಟಿ, ಬೆಳಿಗ್ಗೇನೇ ಕಟ್ಟಿ ಸಾಲಾಗಿ ಜೋಡಿಸಬೇಡಿ.

ಪೊಟ್ಟಣ ಅಂದ ಕೂಡ್ಲೇ ಎಲ್ಲರೂ ಚಿತ್ರಾನ್ನ, ಪುಳಿಯೋಗರೆ, ಟೊಮೆಟೊ ಬಾತ್‌ಗೆ ಇಳೀತಾರೆ, ಕಟ್ಟೋಕೆ ಸುಲಭ. ಆದ್ರೆ ಅದರಲ್ಲಿ ಪ್ರೋಟೀನ್ ತುಂಬ ಕಮ್ಮಿ. ಈ ವಯಸ್ಸಲ್ಲಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 1 ಗ್ರಾಂ ಆದ್ರೂ ಬೇಕು, 55 ಕೆಜಿ ಇದ್ರೆ 55 ಗ್ರಾಂ. 30 ಗ್ರಾಂ ಬೇಳೇಲಿ ಸಿಗೋದು 7 ಗ್ರಾಂ, ಒಂದು ಮೊಟ್ಟೇಲಿ 6. ಗಟ್ಟಿ ತೊವ್ವೆ, ಹೆಸರುಕಾಳು ಉಸಲಿ, ಮೊಸರು ದಿನಾ ಇರಲಿ, ತಿನ್ನೋರಿಗೆ ಬೇಯಿಸಿದ ಮೊಟ್ಟೆ. ಹಲ್ಲಿಲ್ಲದೋರಿಗೆ ಕಾಳು ಮೆತ್ತಗೆ ಬೇಯಿಸಿ. ಕಿಡ್ನಿ ತೊಂದ್ರೆ ಇರೋರದು ಮಾತ್ರ ಅವರ ಡಾಕ್ಟ್ರನ್ನ ಕೇಳಿ.

ಹದಿನಾರು ತಿಂಗಳು ಬೀಗ ಹಾಕಿದ ಅಡುಗೆಮನೆ, ಅದನ್ನ ಬೇಗ ಹೇಳ್ಬಿಡ್ತೀನಿ. ಸಂಪು, ಓವರ್‌ಹೆಡ್ ಟ್ಯಾಂಕ್ ತೊಳೆಸಿ ಬ್ಲೀಚ್ ಹಾಕಿಸಿ, ಎಲ್ಲ ನಲ್ಲಿ ಐದೈದು ನಿಮಿಷ ತೆಗೆದುಬಿಡಿ, ಪೈಪಲ್ಲಿ ನಿಂತ ನೀರಲ್ಲೂ ಶ್ವಾಸಕೋಶಕ್ಕೆ ಹೋಗೋ ಬ್ಯಾಕ್ಟೀರಿಯಾ ಬೆಳೆಯತ್ತೆ. ಗ್ಯಾಸ್ ಪೈಪ್ ಇಲಿ ಕಡಿದಿದೆಯಾ, ತಾರೀಖು ಮುಗಿದಿದೆಯಾ ನೋಡಿ ಬದಲಿಸಿ. ಹಳೇ ಎಣ್ಣೆ, ಹುಳ ಬಿದ್ದ ರವೆ ಬೇಳೆ ಎಸೆಯಿರಿ, ಮನಸ್ಸು ತಡೆಯಲ್ಲ, ಆದ್ರೂ ಎಸೆಯಿರಿ.

ಯಾವಾಗ ತೆಗೆಯೋದು. ನಿಮ್ಮ ಜಿಲ್ಲೇಲಿ ಜೂನಲ್ಲಿ ಪಾಸಿಟಿವಿಟಿ, ಅಂದ್ರೆ ನೂರು ಟೆಸ್ಟಲ್ಲಿ ಪಾಸಿಟಿವ್ ಬಂದಿದ್ದೆಷ್ಟು ಅನ್ನೋ ಲೆಕ್ಕ, 10ರ ಮೇಲಿತ್ತು ಅಂತ ತಾನೇ ಬೇರೆ ಕಡೆ ತೆಗೆದ್ರೂ ಮೈಸೂರಲ್ಲಿ ಬಿಗಿ ಮಾಡಿದ್ದು. ಆ ಸಂಖ್ಯೆ ಎರಡು ವಾರ ಸತತವಾಗಿ ನೂರಕ್ಕೆ 5ರ ಕೆಳಗಿರಬೇಕು, ಅದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಗಡಿ, ಹಿರಿಯರ ವಿಷಯಕ್ಕೆ ನಾನಾದ್ರೆ ಇನ್ನೂ ಇಳೀಲಿ ಅಂತ ಕಾಯ್ತೀನಿ. ಜಿಲ್ಲೆಯ ಆದೇಶ ಏನಿದೆ ಅಂತ ನೋಡ್ಕೊಂಡು ಮೊದಲ ಎರಡು ವಾರ ಎಲ್ಲರಿಗೂ ಪೊಟ್ಟಣವೇ, ಅಡುಗೆಮನೆ ಕೈ ಕುದುರಲಿ. ಆಮೇಲೆ ಎರಡು ಡೋಸ್ ಆದ 12 ಜನ, ಬಯಲಲ್ಲಿ, ಅರ್ಧ ಗಂಟೆ. ಎರಡು ವಾರ ಏನೂ ಆಗಲಿಲ್ಲ ಅಂದ್ರೆ ಇನ್ನೊಂದು 12. ಮತ್ತೆ ಮುಚ್ಚೋದು ಯಾವಾಗ ಅಂತಾನೂ ಈಗಲೇ ಬರೆದಿಡಿ, ಸಂಖ್ಯೆ 5 ದಾಟಿದ್ರೆ ಮಾರನೇ ದಿನದಿಂದ ಪೊಟ್ಟಣ ಅಂತ. ಆ ಹೊತ್ತಲ್ಲಿ ಕೂತು ಚರ್ಚೆ ಮಾಡಿದ್ರೆ ಯಾರಿಗೂ ಮುಚ್ಚೋಕೆ ಮನಸ್ಸು ಬರಲ್ಲ. ಯಾರಿಗಾದ್ರೂ ಪಾಸಿಟಿವ್ ಬಂದ್ರೆ ಅವತ್ತು, ಅದರ ಹಿಂದಿನ ಎರಡು ದಿನ ಅದೇ ಬ್ಯಾಚಲ್ಲಿ ಕೂತೋರಿಗೆ, ಬಡಿಸಿದೋರಿಗೆ ಆವತ್ತೇ ಫೋನ್ ಮಾಡಿ ಹೇಳಿ, 5ರಿಂದ 10ನೇ ದಿನದೊಳಗೆ ಟೆಸ್ಟ್ ಮಾಡಿಸಿ, ಆ ಬ್ಯಾಚಿಗೆ 14 ದಿನ ಮನೆಗೇ ಊಟ. ಪಾಸಿಟಿವ್ ಬಂದೋರ ಹೆಸರು ಊರಿಗೆಲ್ಲ ಹೇಳಬೇಡಿ, ಹೇಳಿದ್ರೆ ಮುಂದಿನ ಸಲ ಯಾರೂ ನಿಮ್ಮ ಹತ್ರ ಬಾಯಿ ಬಿಡಲ್ಲ.

ಅಮೆರಿಕದಲ್ಲಿರೋ ಮಗ, ಬೆಂಗಳೂರಲ್ಲಿರೋ ಮಗಳು ಫೋನ್ ಮಾಡಿ ನಮ್ಮಮ್ಮನ್ನ ಸೇರಿಸಬೇಡಿ ಅಂತ ಹೇಳ್ತಾರೆ, ಅವರ ಸಂಕಟ ಅರ್ಥ ಆಗತ್ತೆ, ಏಪ್ರಿಲ್ ಮೇನಲ್ಲಿ ದೂರದಲ್ಲಿ ಕೂತು ಅಪ್ಪ ಅಮ್ಮನಿಗೆ ಬೆಡ್ ಹುಡುಕಿದ ಮಕ್ಕಳು ಅವರು. ಅವರಿಗೆ ನಿಮ್ಮ ಹಾಲಿನ ಫೋಟೋ ಕಳಿಸಿ, ನಿಯಮ ಹೇಳಿ. ಕೊನೆಗೆ ಬರೋದು ಬಿಡೋದು ಆ ತಾಯಿಯೇ ಹೇಳಬೇಕು, ಅವರ ಬದಲು ಮಕ್ಕಳೂ ಅಲ್ಲ, ನೀವೂ ಅಲ್ಲ, ನಾನೂ ಅಲ್ಲ.

ಕೊನೇದಾಗಿ ಒಂದು ಕೆಲಸ, ತೆಗೆಯೋ ಮುಂಚೆ ಈ ವಾರವೇ ಆಗಬೇಕು. 2020ರ ಮಾರ್ಚಿನ ನಿಮ್ಮ ಹಾಜರಿ ಪುಸ್ತಕ ತೆಗೀರಿ. ಅದರಲ್ಲಿರೋ 45 ಹೆಸರಲ್ಲಿ ಫೋನ್ ಮಾಡಿ ಯಾವಾಗ ತೆಗೀತೀರಿ ಅಂತ ಕೇಳ್ತಿರೋರು ಹೆಚ್ಚಂದ್ರೆ ಇಪ್ಪತ್ತೈದು ಮೂವತ್ತು ಇರಬಹುದು. ಕೇಳದೇ ಇರೋರು ಯಾರು ಅಂತ ನೋಡಿ. ಯಾರು ಮಗನ ಮನೆಗೆ ಹೋದ್ರು, ಯಾರು ಹೋಗೇಬಿಟ್ರು, ಯಾರ ಫೋನ್ ಕರೆನ್ಸಿ ಮುಗಿದಿದೆ, ಯಾರು ಹಾಸಿಗೆ ಹಿಡಿದಿದಾರೆ. ಎರಡು ಸಲ ಫೋನ್ ಎತ್ತಲಿಲ್ಲ ಅಂದ್ರೆ ಬಡಾವಣೆ ಆಶಾ ಕಾರ್ಯಕರ್ತೆಯನ್ನ ಕರ್ಕೊಂಡು ಮನೆಗೇ ಹೋಗಿ, ಬಾಗಿಲಿಂದ ದೂರ ನಿಂತು ಮಾತಾಡಿಸಿ. ತೊಂದರೆಯಲ್ಲಿದ್ರೆ ಹಿರಿಯರ ಸಹಾಯವಾಣಿ 14567 ಇದೆ, ಅಲ್ಲಿಗೂ ತಿಳಿಸಿ. ಬಾಗಿಲು ತಟ್ಟದೇ ಆ ಪುಸ್ತಕದಿಂದ ಒಂದು ಹೆಸರನ್ನೂ ಹೊಡೀಬೇಡಿ ಮೇಡಂ.